ಮೊದಲ ಗ್ವಾಡಿ ಕೇಳ್ರಿ

ನಂದಾ ಅಕ್ಕೋರ ಬಗ್ಗೆ ಹೇಳುವಂಥದ್ದು ಏನಿದೆ ಎಂದು ಗಡಿಯಾಚೆಯ ಸಂಖ ಎಂಬ ಊರಲ್ಲಿ ಯಾರನ್ನಾದರೂ ಕೇಳಿ ನೋಡಿ. "ಭಾಳ ಚಲೋ ಹೆಣ್ಮಗಳ್ರಿ, ತಾವಾತು ತಮ್ಮ ಸಾಲಿ ಆತು" ಎಂದು ಒಂದೇ ಉಸಿರಿಗೆ ಮುಗಿಸಿ, ಅಡಿಕೆ ಬಾಯಿಗೆ ಹಾಕಿಕೊಳ್ಳುತ್ತಾರೆ. ಒಂದು ಜೀವವನ್ನು ಹೀಗೆ ಎರಡು ಮಾತಿನಲ್ಲಿ ಮುಗಿಸಿಬಿಡುವುದು ಎಷ್ಟು ಸಲೀಸು ನೋಡಿ! ಅವರಿಗೆ ಲಗ್ನ ಯಾಕಾಗಲಿಲ್ಲ ಎಂಬುದಕ್ಕೆ ಮಾತ್ರ ಊರಲ್ಲಿ ನಾಲ್ಕು ಕತೆಗಳಿವೆ. ನಾಲ್ಕೂ ಸುಳ್ಳು. ಖರೆ ಇಷ್ಟೇ: ತಂದೆ ಬೇಗ ಹೋದರು, ತಮ್ಮನ ಓದು ಆಗಬೇಕಿತ್ತು, ತಾಯಿಯನ್ನು ನೋಡಿಕೊಳ್ಳಬೇಕಿತ್ತು, ಅಷ್ಟರಲ್ಲಿ ಕೇಳಿ ಬರುವವರು ನಿಂತರು. ಇದರಲ್ಲಿ ಕತೆ ಎಲ್ಲಿದೆ? ಎಲ್ಲರ ಮನೆಯಲ್ಲೂ ಆಗುವಂಥದ್ದೇ.

ಅಕ್ಕೋರು ಗಣಿತ ಕಲಿಸುತ್ತಾರೆ. ಸಂಖದಾಚೆಗೆ ಹೊಲಗಳ ನಡುವೆ ಇರುವ ಕನ್ನಡ ಸಾಲಿಯಲ್ಲಿ ಆರನೇ ಇಯತ್ತೆಯಿಂದ ಎಂಟರವರೆಗೆ. ಬೆಳಿಗ್ಗೆ ಸ್ಕೂಟರ್ ಹತ್ತಿ ಹೋದರೆ ಸಂಜೆ ಅದೇ ದಾರಿಯಲ್ಲಿ ವಾಪಸ್ಸು. ಸಾಲಿಯಲ್ಲಿ ಉಳಿದ ಮಾಸ್ತರರೂ ಇದ್ದಾರೆ, ಒಳ್ಳೆಯವರೇ. ಆದರೆ ಗಂಟೆ ಬಾರಿಸಿದ್ದೇ ತಡ, ಒಬ್ಬರು ಜತ್ತಕ್ಕೆ, ಒಬ್ಬರು ವಿಜಯಪುರದ ಕಡೆಗೆ ಬೈಕು ಹೊಡೆದು ಧೂಳೆಬ್ಬಿಸಿಕೊಂಡು ಮಾಯವಾಗುತ್ತಾರೆ. ಮನೆಯಲ್ಲಿ ಅವರ ದಾರಿ ಕಾಯುವವರಿದ್ದಾರೆ. ಅಕ್ಕೋರಿಗೆ ಅವಸರವಿಲ್ಲ.

ಮೂರು ವರ್ಷದ ಹಿಂದೆ ತಾಲೂಕಿನಲ್ಲಿ ಶಿಕ್ಷಕರಿಗೆ ಒಂದು ಟ್ರೇನಿಂಗ್ ಆಯಿತು. ಸಾಂಗಲಿಯಿಂದ ಬಂದ ತರಬೇತಿಯ ಮೇಡಮ್ಮು ಪರದೆಯ ಮೇಲೆ ಬಣ್ಣಬಣ್ಣದ ಚಿತ್ರ ತೋರಿಸಿ, ಇದಕ್ಕೆ ಆಂಕರ್ ಚಾರ್ಟ್ ಅನ್ನುತ್ತಾರೆ, ಆಂಕರ್ ಅಂದರೆ ಹಡಗಿನ ಲಂಗರು, ಮಕ್ಕಳ ಲಕ್ಷ್ಯ ತೇಲಿ ಹೋಗದ ಹಾಗೆ ಇದು ಹಿಡಿದು ನಿಲ್ಲಿಸುತ್ತದೆ ಎಂದು ಮರಾಠಿಯಲ್ಲಿ ಚಂದಗೆ ವಿವರಿಸಿದರು. ಅಕ್ಕೋರ ಪಕ್ಕದಲ್ಲಿ ಕೂತಿದ್ದ ಮುಖ್ಯಾಧ್ಯಾಪಕ ಸಿದ್ದಾರೂಢ ಸರ್ ಮೆಲ್ಲಗೆ ಬಾಗಿ, "ನಮ್ಮ ಹುಡುಗೂರು ದ್ವಾಣಿ ಸೈತ ನೋಡಿಲ್ರಿ. ಲಂಗರ ಎಲ್ಲಿಂದ ತರೂದು?" ಎಂದರು. ಹಿಂದಿನ ಸಾಲಿನವರೆಲ್ಲ ಕಿಸಕ್ಕನೆ ನಕ್ಕರು.

ಟ್ರೇನಿಂಗ್ ಮುಗಿಸಿಕೊಂಡು ಬಂದವರಲ್ಲಿ ಹೆಚ್ಚಿನವರು ಅಂಗಡಿಯಿಂದ ಛಾಪಾ ಹಾಕಿದ ಚಾರ್ಟು ತಂದು, ಮೊಳೆ ಹೊಡೆದು, ಛತ್ತಿನ ಹತ್ತಿರ ತೂಗು ಹಾಕಿದರು. ಮುಗಿಯಿತು. ಈಗ ಅವುಗಳ ಮೇಲೆ ಹಲ್ಲಿ ಓಡಾಡುತ್ತದೆ. ನಂದಾ ಅಕ್ಕೋರಿಗೆ ಮಾತ್ರ ಆ ಮೇಡಮ್ಮಿನ ಒಂದು ಮಾತು ಮನಸ್ಸಿಗೆ ಹತ್ತಿತ್ತು. ಚಾರ್ಟು ಮನೆಯಲ್ಲಿ ಮಾಡಿ ತರುವುದಲ್ಲ. ಪಾಠ ನಡೆಯುವಾಗ, ಮಕ್ಕಳ ಎದುರಿಗೆ, ಮಕ್ಕಳ ಬಾಯಿಂದ ಬಂದ ಮಾತಿನಿಂದಲೇ ಅದು ಹುಟ್ಟಬೇಕು. ಅವರು ದೊಡ್ಡ ಬಿಳಿ ಹಾಳೆಗಳ ಸುರುಳಿ ತಂದರು, ದಪ್ಪ ಪೆನ್ನು ತಂದರು, ಗೋಡೆಯ ಈ ತುದಿಯಿಂದ ಆ ತುದಿಗೆ ಸುತಳಿ ಕಟ್ಟಿದರು, ಒಗೆದ ಬಟ್ಟೆಗೆ ಹಾಕುವ ಚಿಮಟಾ ತಂದರು. ಮಕ್ಕಳು ಅದಕ್ಕೆ ಲಂಗರು ಅನ್ನಲಿಲ್ಲ, ಚಾರ್ಟೂ ಅನ್ನಲಿಲ್ಲ. "ಅಕ್ಕೋರ ಹಾಳಿ" ಅಂದರು. ಅದೇ ಹೆಸರು ನಿಂತಿತು.

ಹಾಳಿ ಹೇಗೆ ಹುಟ್ಟುತ್ತದೆ ಎನ್ನುವುದಕ್ಕೆ ಒಂದನ್ನು ಹೇಳುತ್ತೇನೆ. ಈ ವರ್ಷ ಏಳನೇ ಇಯತ್ತೆಯಲ್ಲಿ ಸೊನ್ನೆಗಿಂತ ಕಡಿಮೆ ಇರುವ ಸಂಖ್ಯೆಗಳ ಪಾಠ. ಅಕ್ಕೋರು ಹಾಳೆಯ ನಡುವೆ ಗೆರೆ ಎಳೆದು, ಇದು ನೆಲ, ಇದೇ ಸೊನ್ನೆ ಎಂದರು. ಮೇಲಿದ್ದದ್ದು ಅಧಿಕ, ಕೆಳಗಿದ್ದದ್ದು ಉಣೆ, ಅಂದರೆ ಮೈನಸ್ಸು. ಆಮೇಲೆ ಕೇಳಿದರು, "ಉಣೆ ಮುನ್ನೂರು, ಉಣೆ ಏಳನೂರು. ಎರಡರಾಗ ದೊಡ್ಡದು ಯಾವದು?"

ಕೈ ಎತ್ತಿದವಳು ಮಂಗಲ. ಕುರಿಗಾರ ಶಿದ್ರಾಯನ ಮಗಳು. ಎರಡು ಜಡೆ, ಯಾವಾಗಲೂ ಅರ್ಧ ಬಿಚ್ಚಿದ್ದು. "ಉಣೆ ಏಳನೂರ್ರಿ ಅಕ್ಕೋರ. ಕೆಳಗ ಹೋದಷ್ಟೂ ದೊಡ್ಡದಲ್ರಿ!"

ತರಗತಿಗೆ ತರಗತಿಯೇ ಹೌದೌದು ಅಂದಿತು. ಯಾಕೆ ಅನ್ನುವುದಿಲ್ಲ ಹೇಳಿ? ಇದು ಬೋರಿನ ಸೀಮೆ. ಯಾರ ಹೊಲದಲ್ಲಿ ಎಷ್ಟು ಫೂಟು ಇಳಿಯಿತು ಎನ್ನುವುದು ಇಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು. ಬಾಲಗಾಂವದಲ್ಲಿ ತನ್ನ ಮಾವ ಏಳನೂರು ಫೂಟು ಹಾಕಿಸಿದ್ದಾನೆ ಎಂದು ಒಬ್ಬ ಎದ್ದು ನಿಂತು ಸಾಕ್ಷಿ ಹೇಳಿದ. ಅಂಥವನ ಮುಂದೆ ಮುನ್ನೂರು ಫೂಟಿನವನು ಯಾವ ಲೆಕ್ಕ!

ಅಕ್ಕೋರು ನಗಲೂ ಇಲ್ಲ, ಬೈಯಲೂ ಇಲ್ಲ. "ಬೋರು ದೊಡ್ಡದು ಖರೆ. ಆದ್ರ ನಾ ಕೇಳಿದ್ದು ಜಾಗಾ. ಮುನ್ನೂರಕ್ಕ ಇಳಿಬಿಟ್ಟ ಮೋಟರ ಮ್ಯಾಲೈತೋ, ಏಳನೂರಕ್ಕ ಇಳಿಬಿಟ್ಟ ಮೋಟರೋ?"

ಮಂಗಲ ಜಡೆ ಬಾಯಲ್ಲಿ ಕಚ್ಚಿಕೊಂಡು ಹಾಳೆಯನ್ನೇ ನೋಡಿದಳು. "ಮುನ್ನೂರದ್ದು ಮ್ಯಾಲೈತ್ರಿ... ಎವ್ವಾ, ಹಂಗಾದ್ರ ಅದ ದೊಡ್ಡದು! ಆಳ ಹೆಚ್ಚಾದಂಗ ಸಂಖ್ಯಾ ಸಣ್ಣದಾಕ್ಕೋತ ಹೋಗತೈತ್ರಿ."

ಆ ಮಾತನ್ನು ಅಕ್ಷರ ಬಿಡದೆ ಅಕ್ಕೋರು ಹಾಳೆಯ ಮೇಲೆ ಬರೆದರು. ಅದರ ಪಕ್ಕದಲ್ಲಿ ಬೋರು, ಎರಡು ಮೋಟಾರು. ಮೂಲೆಯಲ್ಲಿ ಕೆಂಪು ಪೆನ್ನಿನಿಂದ "ಹಿಂಗ ತಪ್ಪತೈತಿ" ಎಂದು ಬರೆದು ಮೊದಲ ಉತ್ತರವನ್ನೂ ಹಾಕಿದರು. ತಪ್ಪನ್ನು ಮುಚ್ಚಿಡುವ ಪದ್ಧತಿ ಅವರಲ್ಲಿಲ್ಲ. ಹಾಳಿ ಸುತಳಿಯ ಮೇಲೇರಿತು. ಹೀಗೆ ಒಂದೊಂದಾಗಿ ಗೋಡೆ ತುಂಬಿತು. ಅಪೂರ್ಣಾಂಕ, ಕೋನ, ಸಮೀಕರಣ, ಪ್ರಮಾಣ. ಜೊತೆಗೆ ಒಂದು ನಿಯಮ ಬಂತು. ಲೆಕ್ಕ ಅಡ್ಡ ಬಿದ್ದರೆ ಓಡಿ ಬರಬೇಡಿ. "ಮೊದಲ ಗ್ವಾಡಿ ಕೇಳ್ರಿ, ಆಮ್ಯಾಲ ನನ್ನ ಕೇಳ್ರಿ."

ನಿಯಮ ಭಾಳ ಚೆನ್ನಾಗಿ ನಡೆಯಿತು. ಅಷ್ಟು ಚೆನ್ನಾಗಿ ನಡೆಯಬಾರದಿತ್ತೇನೋ! ಮೊದಲೆಲ್ಲ ಅಕ್ಕೋರ ಟೇಬಲ್ಲು ಎಂದರೆ ಜಾತ್ರೆ. "ನಂದ ನೋಡ್ರಿ, ನಂದ ನೋಡ್ರಿ" ಎಂದು ಸೆರಗು ಜಗ್ಗುವವರು, ಮೊಣಕೈಯಿಂದ ತಿವಿಯುವವರು, ಮೂಗು ಸೋರುವವರು. ತಲೆ ತಿಂದುಬಿಡುತ್ತಾರೆ ಎಂದು ಅವರು ಬೈದುಕೊಳ್ಳುತ್ತಿದ್ದರು. ಈಗ ಮಕ್ಕಳು ಲೆಕ್ಕ ಮಾಡುತ್ತಾರೆ, ತಡೆದು ನಿಲ್ಲುತ್ತಾರೆ, ತಲೆ ಎತ್ತಿ ಗೋಡೆ ನೋಡುತ್ತಾರೆ, ತುಟಿ ಅಲ್ಲಾಡಿಸುತ್ತಾರೆ, ಮತ್ತೆ ಬರೆಯುತ್ತಾರೆ. ಅಕ್ಕೋರು ಕುರ್ಚಿಯ ಮೇಲೆ ಕೂತು ಅವರ ಕಣ್ಣುಗಳನ್ನೇ ಹಿಂಬಾಲಿಸುತ್ತಾರೆ. ಯಾವ ಕಣ್ಣೂ ಅವರ ಕಡೆ ತಿರುಗುವುದಿಲ್ಲ. ಒಳ್ಳೆಯ ಶಿಕ್ಷಕಿಗೆ ಇದಕ್ಕಿಂತ ಸಂತೋಷ ಬೇಕೇ ಎಂದು ಸಿದ್ದಾರೂಢ ಸರ್ ಬಾಗಿಲಲ್ಲಿ ನಿಂತು ತಾರೀಫು ಮಾಡಿ ಹೋದರು. ಅಕ್ಕೋರು ಹೂಂ ಅಂದರು. ಒಳಗೆ ಮಾತ್ರ ಸಣ್ಣಗೆ ಹೊಟ್ಟೆಕಿಚ್ಚು. ಗೋಡೆಯ ಮೇಲೆ! ತಾವೇ ಬರೆದ ಹಾಳೆಯ ಮೇಲೆ! ಇದನ್ನು ಯಾರ ಮುಂದೆ ಹೇಳಿದರೂ ತಲೆ ಕೆಟ್ಟಿದೆ ಅಂದಾರು.

ಹೇಳಿಕೊಳ್ಳಲು ಒಬ್ಬರಿದ್ದರು, ಅವರ ಅವ್ವ ಗೌರವ್ವ. ಹೋದ ವರ್ಷ ತೀರಿಹೋದರು. ಗೌರವ್ವಗೆ ಗಣಿತವೂ ಬೇಡ, ಹಾಳಿಯೂ ಬೇಡ. ಸಂಜೆ ಸ್ಕೂಟರಿನ ಸಪ್ಪಳ ಕೇಳಿದ ಕೂಡಲೇ ಕಟ್ಟೆಯ ಮೇಲಿಂದಲೇ ಶುರುವಾಗುತ್ತಿತ್ತು ಅವರ ವರದಿ: ಇವತ್ತು ನಳ ಬರಲಿಲ್ಲ, ಬೆಕ್ಕು ಮೊಸರು ಚೆಲ್ಲಿತು, ಆಚೆ ಮನೆಯ ಸೊಸೆ ತವರಿಗೆ ಹೋದಳು. ಅಕ್ಕೋರು ಅರ್ಧ ಕೇಳುತ್ತಿದ್ದರು, ಅರ್ಧ ಬಿಡುತ್ತಿದ್ದರು. ಈಗ ಬೀಗ ತೆಗೆದು ಒಳಗೆ ಕಾಲಿಟ್ಟರೆ ಬೆಳಿಗ್ಗೆ ಬಿಟ್ಟುಹೋದ ಚಹಾದ ಕಪ್ಪು ಬಿಟ್ಟಲ್ಲೇ ಕೂತಿರುತ್ತದೆ. ಅದನ್ನು ತೊಳೆಯುವುದು, ಒಬ್ಬರಿಗೆ ಎರಡು ರೊಟ್ಟಿ ಬಡಿಯುವುದು, ಟಿವಿ ಹಚ್ಚುವುದು, ಆರಿಸುವುದು. ತಮ್ಮ ರವಿಕುಮಾರ ವಿಜಯಪುರದಿಂದ ಹಬ್ಬಕ್ಕೊಮ್ಮೆ ಫೋನ್ ಮಾಡುತ್ತಾನೆ. "ಎಲ್ಲಾ ಆರಾಮಲಾ?" ಎನ್ನುತ್ತಾನೆ. "ಆರಾಮ" ಎಂದರೆ ಅವನಿಗೂ ಸಮಾಧಾನ. ಶನಿವಾರ ಮಧ್ಯಾಹ್ನ ಸಾಲಿ ಬಿಟ್ಟರೆ ಸೋಮವಾರ ಬೆಳಿಗ್ಗೆವರೆಗೆ ಅಕ್ಕೋರ ಬಾಯಿಂದ ಒಂದು ಪೂರ್ತಿ ವಾಕ್ಯ ಹೊರಡದೇ ಹೋದ ವಾರಗಳೂ ಇವೆ. ಸೋಮವಾರ ಮೊದಲ ಪಿರಿಯಡ್ಡಿಗೆ ಗಂಟಲು ಹತ್ತಿಕೊಂಡಿರುತ್ತಿತ್ತು. ಮಕ್ಕಳು ಅಕ್ಕೋರಿಗೆ ನೆಗಡಿ ಅಂದುಕೊಳ್ಳುತ್ತಿದ್ದರು.

ದೀಪಾವಳಿ ಆದ ಮೇಲೆ ಶಿದ್ರಾಯ ವರ್ಷದ ಪದ್ಧತಿಯಂತೆ ಕುರಿ ಹೊಡೆದುಕೊಂಡು ಕೃಷ್ಣಾ ದಂಡೆಯ ಕಡೆ ಹೊರಟ. ಅಲ್ಲಿ ಹೊಲದವರು ಗೊಬ್ಬರಕ್ಕಾಗಿ ಕುರಿ ಕೂಡಿಸಿಕೊಳ್ಳುತ್ತಾರೆ, ಇವನಿಗೆ ಮೇವು ಸಿಗುತ್ತದೆ. ಹೆಂಡತಿ ಹಣಮವ್ವ, ಕುದುರೆಯ ಮೇಲೆ ಗಂಟುಮೂಟೆ, ನಾಯಿಗಳು, ಮಂಗಲ. ಇಷ್ಟು ವರ್ಷ ಮಂಗಲ ಊರಲ್ಲಿ ಅಜ್ಜಿಯ ಹತ್ತಿರ ಉಳಿಯುತ್ತಿದ್ದಳು. ಅಜ್ಜಿಗೆ ಈಗ ಕಣ್ಣು ಕಾಣುವುದಿಲ್ಲ, ಸೋದರತ್ತೆಯ ಮನೆ ಸೇರಿಕೊಂಡಿದ್ದಾಳೆ. ಹೀಗಾಗಿ ಹುಡುಗಿಯೂ ಹೊರಟಳು. ಹೊರಡುವ ಮುನ್ನ ಶಿದ್ರಾಯ ಮಗಳ ಜೊತೆ ಸಾಲಿಗೆ ಬಂದು ಕೈಕಟ್ಟಿ ನಿಂತ.

"ಪರೀಕ್ಷಾಕ್ಕ ಕರಕೊಂಡ ಬರ್ತೀನ್ರಿ ಅಕ್ಕೋರ. ಹೆಸರ ಕಡೀಬ್ಯಾಡ್ರಿ."

"ಹೆಸರ ಯಾಕ ಕಡೀಲಿ?" ಎಂದರು ಅಕ್ಕೋರು. "ಪುಸ್ತಕ ಒಯ್ಯಲಿ. ದಿನಾ ನಾಲ್ಕ ಲೆಕ್ಕಾ ಮಾಡ್ಲಿ. ಮಂಗಲ, ಲೆಕ್ಕ ಬರಲಿಲ್ಲಂದ್ರ ಅಪ್ಪನ ಫೋನಿಂದ ನನಗ ಫೋನ್ ಹಚ್ಚು. ಸಂಕೋಚ ಮಾಡಬ್ಯಾಡ."

ಬಾಯಿಮಾತಿಗೆ ಹೇಳಿದ್ದಲ್ಲ, ಆದರೆ ಹಚ್ಚುತ್ತಾಳೆ ಎಂಬ ನಂಬಿಕೆಯೂ ಇರಲಿಲ್ಲ. ವಾರವಾಗಿರಬೇಕು. ಒಂದು ಸಂಜೆ ಅಕ್ಕೋರು ಜೋಳದ ಹಿಟ್ಟು ನಾದುತ್ತಿದ್ದಾಗ ಫೋನು ಬಾರಿಸಿತು.

"ಅಕ್ಕೋರ, ನಾನ್ರಿ, ಮಂಗಲ. ಅರ್ಧಕ್ಕ ಮೂರರಾಗಿನ ಒಂದ ಕೂಡಿಸಿದ್ರ ಐದರಾಗಿನ ಎರಡ ಬರತೈತಿ. ಪುಸ್ತಕದ ಹಿಂದ ಬ್ಯಾರೆ ಉತ್ತರ ಐತ್ರಿ. ಪುಸ್ತಕ ತಪ್ಪೈತೇನ್ರಿ?"

ಅಕ್ಕೋರು ಹಿಟ್ಟಿನ ಕೈಯಲ್ಲೇ ಫೋನು ಹಿಡಿದುಕೊಂಡು ಕೆಳಗೆ ಕೂತುಬಿಟ್ಟರು. "ನಿಮ್ಮವ್ವ ರೊಟ್ಟಿ ಮಾಡ್ಯಾಳೇನು?"

"ಮಾಡಾಕತ್ಯಾಳ್ರಿ."

"ನೀ ಅರ್ಧಾ ರೊಟ್ಟಿ ತಿಂದಿ. ಮ್ಯಾಲ ಇನ್ನ ಮೂರರಾಗಿನ ಒಂದ ಪಾಲು ತಿಂದಿ. ನಿನ್ನ ಲೆಕ್ಕದಾಗ ಅದು ಐದರಾಗ ಎರಡಾತು. ಅಂದ್ರ ಅರ್ಧಕ್ಕಿಂತ ಕಡಿಮಿ. ತಿಂದಂಗ ತಿಂದಂಗ ರೊಟ್ಟಿ ಹೊಟ್ಟ್ಯಾಗಿಂದ ಹೊರಗ ಬರತೈತೇನು?"

ಆ ಕಡೆಯಿಂದ ಹುಡುಗಿ ಕಿಲಕಿಲ ನಕ್ಕಳು. "ಅಯ್ಯ, ಇಲ್ರಿ!" ಅವಳ ಹಿಂದೆ ಕುರಿಗಳ ಬ್ಯಾ ಎನ್ನುವ ಸಪ್ಪಳ, ನಾಯಿಯ ಬೊಗಳು, ಹಣಮವ್ವ ಯಾರನ್ನೋ ಒದರುವುದು. ಅಷ್ಟೂ ಸಪ್ಪಳ ಒಮ್ಮೆಲೇ ಅಕ್ಕೋರ ಅಡುಗೆಮನೆಯೊಳಗೆ ಬಂತು. ರೊಟ್ಟಿಯನ್ನು ಆರು ಪಾಲು ಮಾಡಿಸಿ, ಅರ್ಧಕ್ಕೆ ಮೂರು, ಮೂರರಲ್ಲೊಂದಕ್ಕೆ ಎರಡು ಎಂದು ಎಣಿಸಿ ಕೂಡಿಸುವ ಹೊತ್ತಿಗೆ ಒಲೆಯ ಮೇಲಿನ ಹಂಚು ಕೆಂಪಗೆ ಕಾದಿತ್ತು. ಅಂದು ಅಕ್ಕೋರು ಎರಡಲ್ಲ, ಮೂರು ರೊಟ್ಟಿ ಉಂಡರು.

ಅಂದಿನಿಂದ ಶುರುವಾಯಿತು. ಹೊತ್ತು ಮುಳುಗಿ ಕುರಿ ತಡಿಕೆಯೊಳಗೆ ಸೇರಿದ ಮೇಲೆ ಮಂಗಲಳ ಫೋನು. ಇವತ್ತು ಕೋನ, ನಾಳೆ ಸಮೀಕರಣ. ಅಕ್ಕೋರು ಗೋಡೆಯ ಮೇಲೆ ಏನು ಬರೆದಿದ್ದರೋ ಅದನ್ನೆಲ್ಲ ಬಾಯಿಂದ ಮತ್ತೆ ಕಟ್ಟಬೇಕಿತ್ತು. ಕಣ್ಣಿಗೆ ಕಾಣುವುದನ್ನು ಕಿವಿಗೆ ಹೇಳುವುದು ಸಣ್ಣ ಕೆಲಸವಲ್ಲ. ಅಕ್ಕೋರು ಮಧ್ಯಾಹ್ನದಿಂದಲೇ ತಯಾರಾಗುತ್ತಿದ್ದರು. ಇವತ್ತು ಅವಳು ಏನು ಕೇಳಬಹುದು, ಅದಕ್ಕೆ ಯಾವ ಉದಾಹರಣೆ ಕೊಡಬೇಕು ಎಂದು ಸ್ಕೂಟರಿನ ಮೇಲೆ ತಾವೇ ಗುಣುಗುಣು ಅಂದುಕೊಳ್ಳುತ್ತ ಬರುತ್ತಿದ್ದರು. ಮನೆಗೆ ಬಂದವರೇ ಫೋನನ್ನು ಚಾರ್ಜಿಗೆ ಹಚ್ಚಿ, ಬೇಗಬೇಗ ಕೆಲಸ ಮುಗಿಸಿ, ಅದರ ಹತ್ತಿರ ಕೂಡುತ್ತಿದ್ದರು. ಸೋಮವಾರ ಗಂಟಲು ಹತ್ತಿಕೊಳ್ಳುವುದು ನಿಂತಿತು. ಮಕ್ಕಳು, "ಅಕ್ಕೋರ ನೆಗಡಿ ಹೋತು" ಅಂದರು. ಆ ಫೋನಿನಲ್ಲಿ ಲೆಕ್ಕ ಬಿಟ್ಟು ಬೇರೆ ಮಾತು ಇರುತ್ತಿರಲಿಲ್ಲ ಎನ್ನುವುದನ್ನೂ ಹೇಳಬೇಕು. ಊಟ, ನಿದ್ದೆ, ಆರೋಗ್ಯ ಯಾವುದೂ ಇಲ್ಲ. ಲೆಕ್ಕ ಬಂತು, ಲೆಕ್ಕ ಮುಗಿಯಿತು, "ಇಡ್ತೀನ್ರಿ ಅಕ್ಕೋರ." ಅಷ್ಟೇ. ಆ ಅಷ್ಟೇ ಅಕ್ಕೋರಿಗೆ ಸಾಕಾಗಿತ್ತು.

ಹೀಗಿರುವಾಗ ಒಂದು ಸಂಜೆ ಮಂಗಲ ಅಂದಳು, "ಅಕ್ಕೋರ, ಒಂದ ಕೆಲಸ ಮಾಡ್ರಿ. ಗ್ವಾಡಿ ಮ್ಯಾಲಿನ ಹಾಳಿ ಅದಾವಲ್ರಿ, ಎಲ್ಲಾ ಫೋಟೋ ಹೊಡದ ಅಪ್ಪನ ಫೋನಿಗೆ ಕಳಸ್ರಿ. ನಾ ಅದನ್ನ ನೋಡಿ ಮಾಡ್ಕೋತೀನಿ. ದಿನಾ ನಿಮಗ ತ್ರಾಸ ಕೊಡೂದು ಚಲೋ ಅಲ್ಲ ಅಂತಾನ್ರಿ ಅಪ್ಪ."

ಎಷ್ಟು ಸರಳ ಮಾತು! ಇದು ತಮಗೇ ಯಾಕೆ ಹೊಳೆಯಲಿಲ್ಲ ಎಂದು ಅಕ್ಕೋರಿಗೆ ಒಂದು ಕ್ಷಣ ನಾಚಿಕೆಯಾಯಿತು. ಆದರೆ ಹೊಳೆದಿರಲಿಲ್ಲ ಎನ್ನುವುದು ಸುಳ್ಳು, ಹೊಳೆಯಗೊಟ್ಟಿರಲಿಲ್ಲ. ಹಾಳಿ ಕಳಿಸಿದರೆ ಹುಡುಗಿ ಗೋಡೆ ಕೇಳುತ್ತಾಳೆ. ಗೋಡೆ ಕೇಳುವವರು ಅಕ್ಕೋರನ್ನು ಕೇಳುವುದಿಲ್ಲ. ಅದನ್ನು ಅವರು ದಿನಾ ತರಗತಿಯಲ್ಲಿ ಕೂತು ನೋಡುತ್ತಿದ್ದಾರಲ್ಲ.

"ಕಳಸ್ತೀನಿ ತಗೋ, ನಾಳಿ" ಎಂದರು.

ನಾಳೆ ಬಂತು. "ಇವತ್ತ ಮ್ವಾಡ ಹಾಕಿತ್ತು, ವರ್ಗದಾಗ ಬೆಳಕ ಇರಲಿಲ್ಲ." ಅದರ ನಾಳೆಯೂ ಬಂತು. "ಫೋನಿನ್ಯಾಗ ಜಾಗಾ ಇಲ್ಲಂತ ತೋರಸಾಕತ್ತೈತಿ." ಆಮೇಲೊಂದು ದಿನ, "ಅಯ್ಯ ಶಿವನ, ಮರತ ಬಿಟ್ಟೆ ನೋಡು." ಎರಡು ಎರಡು ನಾಲ್ಕು ಎಂಬುದರಲ್ಲಿ ಕೂದಲೆಳೆಯಷ್ಟೂ ಸಡಿಲ ಬಿಡದ ಬಾಯಿಂದ ಈ ಸುಳ್ಳುಗಳು ಎಷ್ಟು ಸಲೀಸಾಗಿ ಬಂದವು ಎಂದರೆ ಅವರಿಗೇ ಭಯವಾಯಿತು. ಮಂಗಲ ಮಾತ್ರ ಪ್ರತಿ ಸಲ "ಇರ್ಲಿ ತಗೋರಿ ಅಕ್ಕೋರ" ಎಂದು ಲೆಕ್ಕ ಕೇಳುತ್ತಿದ್ದಳು. ಅಕ್ಕೋರು ಇನ್ನೂ ಹೆಚ್ಚು ಮನಸ್ಸಿಟ್ಟು ಹೇಳಿಕೊಡುತ್ತಿದ್ದರು, ತಪ್ಪು ಮಾಡಿದವರು ಹೆಚ್ಚು ದುಡಿಯುತ್ತಾರಲ್ಲ ಹಾಗೆ.

ನಂತರ ಕುರಿ ಇನ್ನೂ ಮುಂದೆ ಸರಿದವು. ಕಬ್ಬಿನ ಹೊಲಗಳ ನಡುವೆ ಎಲ್ಲೋ ಬೀಡು ಬಿಟ್ಟರು. ಅಲ್ಲಿ ರೇಂಜು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ನಾಲ್ಕು ಸಂಜೆ ಫೋನು ಬಾರಿಸಲಿಲ್ಲ. ಅಕ್ಕೋರು ಅದನ್ನು ಎತ್ತಿ ಎತ್ತಿ ನೋಡಿದರು, ದನಿ ದೊಡ್ಡದಾಗಿದೆಯೋ ಇಲ್ಲವೋ ಪರೀಕ್ಷಿಸಿದರು. ಐದನೆಯ ಸಂಜೆ ಬಾರಿಸಿತು. ಮಂಗಲಳ ದನಿ ಸಣ್ಣಗಿತ್ತು.

"ಅಕ್ಕೋರ, ಪ್ರಮಾಣದ ಲೆಕ್ಕ ಒಂದೂ ಆಗಲಿಲ್ರಿ. ರೇಂಜ್ ಇಲ್ಲಂದ್ರ ಎಲ್ಲಾ ನಿಂತ ಬಿಡತೈತಿ. ಗಣಿತ ಬಿಟ್ಟಬಿಡ್ತೀನ್ರಿ. ಉಳದದ್ದು ಓದ್ತೀನಿ."

"ಯಾಕ ಬಿಡ್ತಿ? ನಾ ಇಲ್ಲೇನು?"

"ನಿಮಗ ತ್ರಾಸ ಆಗಾಕತ್ತೈತಿ, ಅದಕ್ಕ ಫೋಟೋ ಕಳಸವಲ್ಲರು ಅಂತಾನ್ರಿ ಅಪ್ಪ. ಅವರ ಬೆನ್ನ ಬಿಡು ಅಂತಾನ."

ಫೋನು ಇಟ್ಟ ಮೇಲೆ ಅಕ್ಕೋರಿಗೆ ಕೂಡಲಾಗಲಿಲ್ಲ, ನಿಲ್ಲಲಾಗಲಿಲ್ಲ. ನಾನು ಯಾವ ಸೀಮೆಯ ಮಾಸ್ತರಿಣಿ ಎಂದು ತಮ್ಮನ್ನೇ ಬೈದುಕೊಂಡರು. ಒಂದು ಹುಡುಗಿಯ ಗಣಿತವನ್ನು ನನ್ನ ಸಂಜೆಗೆ ಕಟ್ಟಿಹಾಕಿಕೊಂಡು ಕೂತೆನಲ್ಲ! ಅಂದು ರೊಟ್ಟಿ ಬಡಿಯಲಿಲ್ಲ. ಅವಲಕ್ಕಿ ಹಚ್ಚಿಕೊಂಡು ಎರಡು ತುತ್ತು ತಿಂದು ತಟ್ಟೆ ಸರಿಸಿದರು.

ಮರುದಿನ ಸಾಲಿಯಲ್ಲಿ ಪಾಠವೇ ನಡೆಯಲಿಲ್ಲ, ಫೋಟೋ ನಡೆಯಿತು. ಕಿಟಕಿ ಬಾಗಿಲು ತೆರೆಸಿದರು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಒಂದೊಂದು ಹಾಳಿ ಬಿಗಿಯಾಗಿ ಹಿಡಿಸಿದರು. ನೆರಳು ಬಿತ್ತೆಂದು ಅಳಿಸಿದರು, ಅಕ್ಷರ ಮಸುಕಾಯಿತೆಂದು ಮತ್ತೆ ಹೊಡೆದರು. ಪ್ರಾಜಕ್ತಾ ಎಂಬ ಹುಡುಗಿಯ ಬೆರಳು ಹಾಳೆಯ ಮೂಲೆಯಲ್ಲಿ ಬಂತು, ಅದನ್ನು ಹಾಗೇ ಬಿಟ್ಟರು. ಮಂಗಲಳಿಗೆ ಗೆಳತಿಯ ಬೆರಳಾದರೂ ಕಾಣಲಿ. ಸಿದ್ದಾರೂಢ ಸರ್ ಇಣುಕಿ, "ಏನ್ರಿ ಅಕ್ಕೋರ, ಹಾಳಿಗೆ ಕನ್ಯಾ ನೋಡಾಕ ಬರೂರದಾರೇನು?" ಎಂದರು. ಮಕ್ಕಳು ಹೋ ಎಂದು ನಕ್ಕವು. ಅಕ್ಕೋರು ನಗಲಿಲ್ಲ. ಸಾಲಿಯ ಗೇಟಿನ ಹತ್ತಿರ ಮಾತ್ರ ನೆಟ್ಟು ಸಿಗುತ್ತದೆ. ಅಲ್ಲಿ ನಿಂತು ಎಲ್ಲವನ್ನೂ ಕಳಿಸಿದರು. ಕೊನೆಯದು ಹೋಗುವವರೆಗೆ ನಿಂತೇ ಇದ್ದರು. ಸಂಜೆಯ ಹೊತ್ತಿಗೆ ಎಲ್ಲದಕ್ಕೂ ನೀಲಿ ಗುರುತು ಬಂತು, ನೋಡಿದ್ದಾರೆ ಅಂತ.

ಫೋನು ಬಾರಿಸಲಿಲ್ಲ.

ಮರುದಿನವೂ ಇಲ್ಲ. ವಾರ ಕಳೆಯಿತು. ಆಗುವುದು ಹೀಗೇ ಎಂದು ಮೊದಲೇ ಗೊತ್ತಿತ್ತಲ್ಲ, ಮತ್ಯಾಕೆ ದುಃಖ ಎಂದು ಅಕ್ಕೋರು ತಮಗೆ ತಾವೇ ತಿಳಿ ಹೇಳಿದರು. ಗೊತ್ತಿದ್ದ ದುಃಖವೇನು ಕಡಿಮೆಯೇ? ಒಂದು ದಿನ ಮಾತ್ರ ವಾಟ್ಸಾಪಿನಲ್ಲಿ ಫೋಟೋ ಬಂತು. ಪ್ರಮಾಣದ ಲೆಕ್ಕಗಳು, ಮಂಗಲಳ ಓರೆ ಅಕ್ಷರ. ಅಕ್ಕೋರು ಚಷ್ಮಾ ಹಾಕಿಕೊಂಡು, ದೊಡ್ಡದು ಮಾಡಿ, ಒಂದೊಂದೇ ಸಾಲು ಪರೀಕ್ಷೆ ಮಾಡಿದರು. ತಪ್ಪು ಸಿಗಲಿ ಎಂದು ಹುಡುಕಿದರು ಅಂದರೆ ನಿಮಗೆ ಕೆಡುಕೆನಿಸಬಹುದು, ಆದರೆ ಖರೆಯೇ ಅದು. ಒಂದೇ ಒಂದು ತಪ್ಪು ಸಿಕ್ಕರೆ ಫೋನ್ ಹಚ್ಚಲು ನೆವ ಆಗುತ್ತಿತ್ತು. ಎಲ್ಲ ಸರಿ ಇತ್ತು. "ಶಾಬಾಸ್" ಎಂದು ಬರೆದು ಕಳಿಸಿದರು. ಹೆಮ್ಮೆಯಾಯಿತು, ಅಳುವೂ ಬಂತು, ಎರಡೂ ಕೂಡಿಯೇ ಬಂದವು.

ಅದಾಗಿ ಕೆಲವು ದಿನಗಳ ಮೇಲೆ, ರವಿವಾರ ಸಂಜೆ, ಫೋನು ಬಾರಿಸಿತು. ಶಿದ್ರಾಯನ ನಂಬರು. ಅಕ್ಕೋರು ಬಚ್ಚಲಿನಿಂದ ಒದ್ದೆ ಕೈಯಲ್ಲಿ ಓಡಿಬಂದರು. ನಿನ್ನೆ ಮಧ್ಯಾಹ್ನದಿಂದ ಮಾತಾಡದ ಗಂಟಲು, ದನಿ ಒಡಕಾಗಿ ಬಂತು. "ಹೂಂ, ಮಂಗಲ. ಯಾವ ಲೆಕ್ಕ?"

"ಲೆಕ್ಕ ಯಾವದೂ ಇಲ್ರಿ ಅಕ್ಕೋರ. ಹಾಳಿ ನೋಡಿ ಎಲ್ಲಾ ಆಗಾಕತ್ತಾವು."

"ಮತ್ತ?"

"ಮತ್ತೇನಿಲ್ರಿ. ಸುಮ್ಮನ ಹಚ್ಚೀನಿ."

ಇಲ್ಲಿ ಅಕ್ಕೋರು ಏನಾದರೂ ಅನ್ನಬೇಕಿತ್ತು. ಏನು ಉಂಡಿ ಅನ್ನಬಹುದಿತ್ತು, ಚಳಿ ಐತೇನು ಅನ್ನಬಹುದಿತ್ತು, ನಿಮ್ಮವ್ವ ಹೆಂಗದಾಳ ಅನ್ನಬಹುದಿತ್ತು. ಆದರೆ ಇಪ್ಪತ್ತೈದು ವರ್ಷ ಮಕ್ಕಳ ಜೊತೆ ಲೆಕ್ಕದ ಮಾತಷ್ಟೇ ಆಡಿದ ನಾಲಿಗೆ. ಅದಕ್ಕೆ ಬೇರೆ ಹಾದಿ ಗೊತ್ತಿರಲಿಲ್ಲ. ಹೊರಬಂದದ್ದು ಮಾಸ್ತರಕಿ.

"ಲೆಕ್ಕ ಇಲ್ಲಂದ್ರ ಫೋನ್ ಯಾಕ ಹಚ್ಚಿ? ಅಪ್ಪನ ಚಾರ್ಜ ಉಳಸು. ಓದಕೋ ಹೋಗು."

 "ಹೂನ್ರಿ" ಎಂದಳು ಮಂಗಲ. ಫೋನು ಬಂದಾಯಿತು.

ಅಕ್ಕೋರು ಒದ್ದೆ ಕೈಯಲ್ಲಿ ಫೋನು ಹಿಡಿದು ಅಲ್ಲೇ ನಿಂತಿದ್ದರು. ಏನಂದೆ ನಾನು? ಇಷ್ಟು ದಿನ ಹೊಟ್ಟೆಯೊಳಗೆ ಇಟ್ಟುಕೊಂಡು ಹಂಬಲಿಸಿದ್ದು ಬಾಗಿಲಿಗೆ ಬಂದು ನಿಂತರೆ, ಚಾರ್ಜು ಉಳಿಸು ಎಂದು ಕಳಿಸಿಬಿಟ್ಟೆನಲ್ಲ! ಲೆಕ್ಕದ ನೆವವಿಲ್ಲದೆ ಹುಡುಗಿ ಫೋನ್ ಹಚ್ಚಿದ್ದಳು. ಈಗ ಅವಳು ಇನ್ನೊಮ್ಮೆ ಹಚ್ಚುವುದಿಲ್ಲ. ಇದರಲ್ಲಿ ಅನುಮಾನವಿಲ್ಲ, ಮಕ್ಕಳ ಮನಸ್ಸು ಅಕ್ಕೋರಿಗೆ ಗೊತ್ತು. ಒಮ್ಮೆ ಟೇಬಲ್ಲಿನಿಂದ ಬೈದು ಕಳಿಸಿದ ಹುಡುಗ ವರ್ಷವಿಡೀ ಹಿಂದಿನ ಬೆಂಚಿನಲ್ಲೇ ಕೂತದ್ದನ್ನು ಅವರು ನೋಡಿದ್ದಾರೆ.

ತಾವೇ ಹಚ್ಚಬೇಕು. ಆದರೆ ಏನಂತ ಹಚ್ಚುವುದು? ಅವರು ಈ ಜನ್ಮದಲ್ಲಿ ಯಾರಿಗೂ ಸುಮ್ಮನೆ ಫೋನ್ ಮಾಡಿದವರಲ್ಲ. ತಮ್ಮನಿಗೂ ಇಲ್ಲ. ಅಕ್ಕೋರು ಎದ್ದು ಗಣಿತದ ಪುಸ್ತಕ ತಂದರು. ಮುಂದಿನ ಪಾಠದ ಒಂದು ಕಠಿಣ ಲೆಕ್ಕ ಹುಡುಕಿ, ಇದನ್ನು ಮಾಡಿ ನೋಡು ಎಂದು ಹೇಳಿದರಾಯಿತು ಎಂದುಕೊಂಡರು. ಪುಟ ಮಗುಚಿದರು. ಸಿಕ್ಕಿತು ಕೂಡ. ಅದನ್ನು ಓದುತ್ತ ಓದುತ್ತ ತಮ್ಮ ಮೇಲೆಯೇ ಸಿಟ್ಟು ಬಂತು. ಮತ್ತೆ ಅದೇ ಆಟ! ಪುಸ್ತಕ ಮುಚ್ಚಿ ಆ ಕಡೆ ಸರಿಸಿದರು. ಸೆರಗಿನಿಂದ ಕೈ ಒರೆಸಿಕೊಂಡು ನಂಬರು ಒತ್ತಿದರು.

ಎತ್ತಿದವನು ಶಿದ್ರಾಯ. ಅಕ್ಕೋರ ಹೆಸರು ನೋಡಿ ಗಾಬರಿಯಾಗಿದ್ದ. "ಅಕ್ಕೋರ, ನಮಸ್ಕಾರ್ರಿ. ಏನಾತ್ರಿ? ಹುಡುಗಿದು ಯಾವ ಲೆಕ್ಕ ತಪ್ಪೈತಿ?"

"ಲೆಕ್ಕ ಯಾವದೂ ತಪ್ಪಿಲ್ಲಪ್ಪ ಶಿದ್ರಾಯ."

"ಮತ್ತ ಅಕಿ ಏನರ ಅಂದ್ಲೇನ್ರಿ ನಿಮಗ? ಅಳಕೋತ ಎದ್ದ ಹೋದ್ಲು."

 "ಅಕಿ ಏನೂ ಅಂದಿಲ್ಲ. ಅಂದಾಕಿ ನಾನು. ಅಕಿ ಸುಮ್ಮನ ಮಾತಾಡಾಕ ಹಚ್ಚಿದ್ಲು, ನನಗ ತಿಳೀಲಿಲ್ಲ." ಅಕ್ಕೋರು, ತಡೆದರೆ ಮತ್ತೆ ಆಡಲಾಗುವುದಿಲ್ಲ ಎನಿಸಿ ಒಂದೇ ಸವನೆ ಹೇಳಿಬಿಟ್ಟರು. "ಫೋಟೋ ನಾ ಬೇಕಂತ ಕಳಸಿರಲಿಲ್ಲ. ಕಳಸಿದ್ರ ಅಕಿ ಫೋನ್ ಮಾಡೂದ ಬಿಡ್ತಾಳಂತ. ಅವ್ವ ಹೋದಾಗಿಂದ ಮನ್ಯಾಗ ನಾ ಒಬ್ಬಾಕಿನ ಅದೀನಿ. ಸಂಜಿ ಆತಂದ್ರ ಮಾತಾಡಾಕ ಯಾರೂ ಇಲ್ಲ. ಅದಕ್ಕ ಹಚ್ಚೀನಿ."

 ಅಕ್ಕೋರಿಗೆ ನಾಚಿಕೆಯಾಯಿತು. ಪಾಲಕರ ಮುಂದೆ, ಅದೂ ಒಬ್ಬ ಗಂಡಸಿನ ಮುಂದೆ, ಎಂಥಾ ಮಾತು ಆಡಿಬಿಟ್ಟೆ ಎನಿಸಿತು. ಇಟ್ಟುಬಿಡೋಣ ಎಂದು ಫೋನನ್ನು ಕಿವಿಯಿಂದ ತೆಗೆಯುವಷ್ಟರಲ್ಲಿ ಶಿದ್ರಾಯ ಕೆಮ್ಮಿ ಗಂಟಲು ಸರಿ ಮಾಡಿಕೊಂಡ.

"ಮಂಗಲ ಅವರವ್ವನ ಕೂಡ ನೀರ ತರಾಕ ಹೋಗ್ಯಾಳ್ರಿ ಅಕ್ಕೋರ. ಹೊಳಿ ಸ್ವಲ್ಪ ದೂರೈತಿ," ಎಂದ. ಆಮೇಲೆ ಸಂಕೋಚದಿಂದ ಕೇಳಿದ, "ಅಕಿ ಬರೂತನಕಾ ನಾ ಮಾತಾಡ್ಲೇನ್ರಿ? ನನಗ ಸಾಲಿ ಮಾತ ಬರಂಗಿಲ್ಲ. ಕುರಿ ಸುದ್ದಿ ಹೇಳ್ತೀನಿ."

"ಹೇಳಪ್ಪ" ಎಂದು ನಂದಾ ಅಕ್ಕೋರು ಗೋಡೆಗೆ ಬೆನ್ನು ಕೊಟ್ಟು ಕೂತರು. ಶಿದ್ರಾಯ, ಮೊನ್ನೆ ಮಳೆಯಲ್ಲಿ ಈದ ಒಂದು ಕುರಿಯಿಂದ ಶುರು ಮಾಡಿದ.